ಮೀನು ಸಾರು ಸೀಯಿಸಿದ ಬೇಸ್‌ಬಾಲ್ ಜಗಳ

ಗೆಳೆಯರೇ, ಇವತ್ತು ಸೌದಿಯ ತಬೂಕಿನ ನಮ್ಮ ರೂಮಿನಲ್ಲಿ ಬೇಸ್‌ಬಾಲ್ ಜಗಳ. ಅಮೆರಿಕದ ಎಂಜಿನಿಯರುಗಳ ಜೊತೆ ಕೆಲಸ ಮಾಡಿ ಭಟ್ಕಳದ ಇಸ್ಮಾಯಿಲ್ ಭಾಯಿಗೂ ಮೈಸೂರಿನ ನಾಗರಾಜಣ್ಣನಿಗೂ ಆ ಹುಚ್ಚು ಹಿಡಿದಿದೆ. ಆ ಆಟದಲ್ಲಿ ಪಂದ್ಯ ಶುರು ಮಾಡುವ ಎಸೆತಗಾರರಿಗೆ ಪಾಳಿ ಇರುತ್ತದೆ, ನಮ್ಮ ಅಡುಗೆ ಪಾಳಿಯಂತೆ. ಒಮ್ಮೆ ಎಸೆದವನಿಗೆ ಮೂರ್ನಾಲ್ಕು ದಿನ ವಿಶ್ರಾಂತಿ.

“ಬಾಲ್ಟಿಮೋರ್ ತಂಡದ ಹಳೆಯ ನಾಲ್ವರು ಎಸೆತಗಾರರ ಎದುರು ಯಾರುಂಟು ಮಾರಾಯ?” ಎಂದರು ಭಾಯಿ.

“ಈಗಿನ ಅಟ್ಲಾಂಟಾದವರನ್ನ ನೋಡಿ ಮಾತಾಡಿ ಭಾಯ್!” ಎಂದು ನಾಗರಾಜಣ್ಣ ಸೌಟು ಝಳಪಿಸಿದ. ಇವತ್ತು ಅಡುಗೆ ಅವನದು. ವಾದ ಮುಗಿಯುವ ಮೊದಲೇ ಮೀನು ಸಾರು ಸೀದುಹೋಯಿತು.

ಹಸಿವು ತಾಳದೆ ನಾನೇ ಎದ್ದು ಮೊಟ್ಟೆ ಸಾರು ಮಾಡಿದೆ.

“ಎಂತ ಕೈರುಚಿ ಮಾರಾಯ ಇವನದು!” ಎಂದರು ಭಾಯಿ.

“ನಾಳೆಯೂ ಇವನೇ ಶುರು ಮಾಡಲಿ,” ಎಂದ ನಾಗರಾಜಣ್ಣ. ಇಬ್ಬರೂ ಒಪ್ಪಿದ್ದು ಇದೊಂದೇ ಮಾತು.

ವಿಶ್ರಾಂತಿಯ ನಿಯಮ ನೆನಪಿಸಲು ನನಗೆ ನಾಚಿಕೆಯಾಯಿತು. ನಾಳೆಗೆ ಕಡಲೆ ನೆನೆಹಾಕಿದ್ದೇನೆ.