ನೀಲವ್ವನ ಬಂಡಿಗಾಲಿ, ನನ್ನ ಕಾರಿನ ಚಿಂತೆ

ತಂಗಿ ನೀಲವ್ವನನ್ನು ಪಂಚಮಿಗೆ ತವರಿಗೆ ಕರೆತರಲೆಂದು ಅಗರಖೇಡಕ್ಕೆ ಹೋಗಿ, ಆಕೆಯ ಅಂಗಳದಲ್ಲಿ ಕಾರು ನಿಲ್ಲಿಸಿದ್ದೆ. ಇದ್ದಕ್ಕಿದ್ದಂತೆ ಡ್ಯಾಶ್‌ಬೋರ್ಡ್ ಬಡಕೊಳ್ಳತೊಡಗಿತು: ಹಿಂದಿನ ಬಲಗಾಲಿ, ಗಾಳಿ ಇಳಿಯುತ್ತಿದೆ!

ಇಳಿದು ಒದ್ದು ನೋಡಿದೆ. ಗಾಲಿ ಕಲ್ಲಿನಂತಿದೆ. ಇದಕ್ಕೇನು ತಲೆ ಕೆಟ್ಟಿದೆಯೇ?

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಈಚೆಗಷ್ಟೇ ಸಿಂದಗಿಯಲ್ಲಿ ಕಾರಿನ ಗಾಲಿ ಬದಲಿಸಿದ್ದೆ. ಪ್ರತಿ ಗಾಲಿಯೊಳಗೂ ಗಾಳಿ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಹೊಸ ಸೆನ್ಸರ್‌ಗಳನ್ನು ಕಾರಿಗೆ ಪರಿಚಯ ಮಾಡಿಸಬೇಕಂತೆ. (ಬೀಗರಿಗೆ ಬೀಗರನ್ನು ಪರಿಚಯಿಸಿದ ಹಾಗೆ!) ಅದನ್ನು ಮಾಡುವ ಮಷಿನ್ ಅವತ್ತು ಕೆಟ್ಟಿತ್ತು. "ಹಬ್ಬ ಮುಗಿಸ್ಕೊಂಡ ಬರ್ರಿ ಸರ. ಅಲ್ಲೀತನಾ ಇದಕ್ಕ ಹಳೇ ಗಾಲೀನ ನೆನಪಿರ್ತಾವ" ಎಂದ ಮೆಕ್ಯಾನಿಕ್.

ಆ ಹಳೇ ಗಾಲಿಗಳಲ್ಲಿ ಎರಡು ನೀಲವ್ವನ ಪಾಲಾಗಿದ್ದವು. ಪಂಚಮಿಗೆ ತವರಿನ ಸೀರೆ ನಮ್ಮ ಪದ್ಧತಿ. ಆದರೆ ಆಕೆ, "ಈ ಸಲ ಸೀರಿ ಒಲ್ಲೆ ಅಣ್ಣಾ, ಆ ಗಾಲಿ ಕೊಡು. ಬಂಡಿಗೆ ಹಾಕಸ್ತೇವಿ" ಅಂದಿದ್ದಳು. ಯಾಕವ್ವಾ, ಏನರ ತೊಂದ್ರಿ ಐತೇನು ಎಂದರೆ, "ಏನಿಲ್ಲ, ಎಲ್ಲಾ ಆರಾಮ ಐತಿ." ಫೋನಿನಲ್ಲಿ ಯಾವತ್ತೂ ಇದೊಂದೇ ಉತ್ತರ.

ಈಗ ಅದೇ ಬಂಡಿ ನನ್ನ ಕಾರಿನ ಪಕ್ಕದಲ್ಲಿತ್ತು. ನಿಂಬೆಹಣ್ಣಿನ ಚೀಲಗಳ ಮೇಲೆ ಹತ್ತಿ ನೀಲವ್ವ ಹಗ್ಗ ಬಿಗಿಯುತ್ತಿದ್ದಳು. ಗಂಡ ಎತ್ತು ಹೂಡುತ್ತಿದ್ದ.

ಥಟ್ಟನೆ ಹೊಳೆಯಿತು. ಕಾರು ಕೂಗುತ್ತಿರುವುದು ತನ್ನ ಗಾಲಿಗಲ್ಲ, ಬಂಡಿಯ ಹಳೇ ಗಾಲಿಗೆ!

"ನೀಲವ್ವಾ, ಇಳಿ ಕೆಳಗ!"

"ಯಾಕೋ ಅಣ್ಣಾ, ಏನಾತು?"

"ಮೊದ್ಲ ಇಳೀಯವ್ವಾ!"

ಆಕೆ ಇಳಿದು ಈಚೆ ಬಂದಳು, ಅಷ್ಟೇ. ಬಲಗಾಲಿ ಕೂತೇಬಿಟ್ಟಿತು. ಬಂಡಿ ವಾಲಿ, ಆಕೆ ನಿಂತಿದ್ದ ಚೀಲಗಳೇ ದಬದಬ ಉರುಳಿದವು. ಆಕೆಗೆ ನಗು. "ಯವ್ವಾ! ನಿನ್ನ ಕಾರಿಗೆ ನನ್ನ ಮ್ಯಾಲ ಎಷ್ಟ ಜೀವ ಐತೋ!"

ಹಣ್ಣು ಆಯುತ್ತಲೇ ಆಕೆಯ ಗಂಡ ಅಂದ: "ಸುಗ್ಗ್ಯಾಗ ಹಿಂಗ ಬಂಡಿ ವಾಲಿ ಬಿದ್ದ ಕೈ ಮುರ್ಕೊಂಡಿದ್ಲಲ್ರಿ. ನಿಮಗ ಹೇಳಿಲ್ಲೇನ್ರಿ?"

ಹೇಳಿರಲಿಲ್ಲ.

ಹಬ್ಬ ಮುಗಿದು ನೀಲವ್ವ ಊರಿಗೆ ಮರಳಿದ ಮೇಲೆ, ನಿನ್ನೆ ಮೆಕ್ಯಾನಿಕ್ ಹೊಸ ಸೆನ್ಸರ್‌ಗಳನ್ನು ಸೇರಿಸಿದ. ಕಾರಿನ ನೆನಪಿನಿಂದ ಹಳೆಯವು ಅಳಿಸಿಹೋದವು. ನೀಲವ್ವನಿಗೆ ಫೋನ್ ಮಾಡಿ ಹೇಳಿದೆ.

"ಹಂಗಾರ ಇನ್ನ ನನ್ನ ಗಾಲಿ ಪಂಕ್ಚರ್ ಆದ್ರ ನಿನಗ ಗೊತ್ತಾಗೂದಿಲ್ಲಲ್ಲೋ ಅಣ್ಣಾ?"

"ನೀನ ಫೋನ್ ಮಾಡಿ ಹೇಳವ್ವಾ."

"ಹೇಳ್ತೇನಿ ತಗೋ. ಈಗಂತೂ ಎಲ್ಲಾ ಆರಾಮ ಐತಿ."

ನಾನು ಇವತ್ತೇ ಅಗರಖೇಡಕ್ಕೆ ಹೊರಟಿದ್ದೇನೆ. ನಿಮ್ಮ ತಂಗಿಯೂ ಆರಾಮವಾಗಿಯೇ ಇದ್ದಾಳಾ?