ಮುಟ್ಟದೆ ದಾರಿ ತೋರುವ ವಿದ್ಯೆ

ಗೋಕಾಕದಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. ನೀವು ಕೇಳಿದ್ದು ಕೋರ್ಟಿರಲಿ, ಕಾಲೇಜಿರಲಿ, ಉತ್ತರ ಬಾಯಿಂದ ಬರುವುದಿಲ್ಲ, ಗದ್ದದಿಂದ ಬರುತ್ತದೆ. ಕೈಯಲ್ಲಿ ಚಹಾದ ಕಪ್ಪಿರುವುದರಿಂದ ನಮ್ಮವರು ಗದ್ದವನ್ನೇ ಚೂರು ಮುಂದೆ ಮಾಡಿ, "ಅಕಾ, ಅಲ್ಲೇ ಐತ್ರಿ" ಎಂದು ಅಪ್ಪಣೆ ಕೊಡಿಸುತ್ತಾರೆ. ಆ "ಅಲ್ಲೇ" ಎಂಬುದು ಎದುರಿನ ಅಂಗಡಿಯೂ ಆಗಬಹುದು, ಬಸ್ಸು ಹತ್ತಿ ಹೋಗಬೇಕಾದ ಮೂಡಲಗಿಯೂ ಆಗಬಹುದು. ಇತಿಹಾಸದ ಮೇಷ್ಟ್ರಾಗಿ ಜೀವಮಾನವಿಡೀ ನಕ್ಷೆಯ ಮುಂದೆ ನಿಂತು "ಇಲ್ಲಿಂದ ಇಲ್ಲಿಗೆ" ಎಂದು ಕೋಲಾಡಿಸಿ ಸಾಮ್ರಾಜ್ಯಗಳನ್ನೇ ಸಾಗಿಸಿದ ನಾನೂ ಇದೇ ಸಂಪ್ರದಾಯದವನು. ಇದು ಭಾಷೆಯೇ ಅಲ್ಲ, ಬರೀ ಕೈಸನ್ನೆ ಎಂಬ ಜ್ಞಾನೋದಯ ನನಗಾದದ್ದು ನಿವೃತ್ತಿಯ ಮೇಲೆ, ಹಿಡಕಲ್ ಜಲಾಶಯದ ನಟ್ಟನಡುವೆ, ಒಂದು ಹಾಯಿದೋಣಿಯಲ್ಲಿ ಕೂತಾಗ.

ದೋಣಿಗೂ ನನಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ನನಗೆ ಈಜು ಬಾರದು. ಘಟಪ್ರಭೆಯನ್ನು ನಾನು ಇಷ್ಟು ವರ್ಷ ಸೇತುವೆಯ ಮೇಲಿಂದಲೇ ಗೌರವಿಸಿದವನು. ಸಂಬಂಧವೆಲ್ಲ ನನ್ನ ಹೆಂಡತಿ ಗಿರಿಜಾಳದು. ಹುಕ್ಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಅವಳ ಕಣ್ಣುಗಳು ವರ್ಷದಿಂದ ವರ್ಷಕ್ಕೆ ಮಬ್ಬಾಗುತ್ತ ಬಂದು, ಈಗ ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಎಂಬುದಷ್ಟೇ ಅವಕ್ಕೆ ಗೊತ್ತಾಗುತ್ತದೆ. ಮನೆಯಿಂದ ಹೊರಬಿದ್ದರೆ ಅವಳ ಮೊಣಕೈ ನನ್ನ ಮುಷ್ಟಿಯಲ್ಲಿ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಕೂಡ ನಾನು ಆ ಮೊಣಕೈಯನ್ನು ಬಿಟ್ಟವನಲ್ಲ. ಇದನ್ನು ಊರು ನೋಡಿ ಮೆಚ್ಚಿದೆ. ಊರು ಮೆಚ್ಚುವುದನ್ನು ನಾನು ಓರೆಗಣ್ಣಿನಲ್ಲಿ ನೋಡಿ ಇನ್ನಷ್ಟು ಬಿಗಿಯಾಗಿ ಹಿಡಿದಿದ್ದೇನೆ.

ಹೀಗಿರಲು, ಕೊಲ್ಹಾಪುರದ ಶಿಂಧೆ ಎಂಬ ತರಬೇತುದಾರರು ಹಿಡಕಲ್‌ನಲ್ಲಿ ಕಣ್ಣು ಕಾಣದವರಿಗೆ ಹಾಯಿದೋಣಿ ಕಲಿಸುತ್ತಾರಂತೆ, ಕೊನೆಗೆ ಸ್ಪರ್ಧೆಯೂ ಉಂಟಂತೆ ಎಂಬ ಸುದ್ದಿಯನ್ನು ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ಊದಿದಳು. ಮೂಡಲಗಿಯಲ್ಲಿರುವ ಗಿರಿಜಾಳ ಅಕ್ಕ ಸುದ್ದಿ ತಿಳಿದವರೇ ಬಸ್ಸು ಹತ್ತಿ ಬಂದರು.

"ತಂಗೀ, ನಿನಗೇನ್ ಹುಚ್ಚ ಹಿಡದೈತೇನ? ಕಣ್ಣ ಇದ್ದಾವ್ರ ನೀರಾಗ ಇಳ್ಯಾಕ ಅಂಜ್ತಾರ!"

"ಯಕ್ಕಾ, ಎಲ್ಲಿ ಹೋದ್ರೂ ಯಾರರ ನನ್ನ ಕೈ ಹಿಡದ ಎಳ್ಕೊಂಡ ಹೋಗ್ತಾರ. ಒಮ್ಮೆರ ಯಾರೂ ಕೈ ಹಚ್ಚದ ನಾನ ಹೋಗಿ, ನಾನ ತಿರುಗಿ ಬರಬೇಕ ನೋಡು. ಅಷ್ಟ ಆಶಾ ಐತಿ."

"ಯಾರರ" ಎಂಬುದು ಯಾರನ್ನು ಕುರಿತದ್ದು ಎಂದು ನಾನು ವಿಚಾರಿಸಲಿಲ್ಲ. ಸ್ವಲ್ಪ ನೋವಾಯಿತು, ನಿಜ.

ಈ ಆಟದಲ್ಲಿ ಮೊದಲು ವರ್ಗೀಕರಣ. ನಾವು ಕಣ್ಣುಳ್ಳವರು ಕುರುಡನ್ನು ಒಂದೇ ರಾಶಿಗೆ ಹಾಕಿ ಕೈತೊಳೆದುಕೊಳ್ಳುತ್ತೇವೆ; ಆಟದ ನಿಯಮ ಹಾಗಲ್ಲ. ಎರಡು ಕಣ್ಣುಗಳಲ್ಲಿ ಯಾವುದು ವಾಸಿಯೋ ಅದನ್ನು, ಕನ್ನಡಕ ಇದ್ದರೆ ಹಾಕಿಸಿಯೇ, ಪರೀಕ್ಷಿಸುತ್ತಾರೆ. ಬೆಳಕೇ ಕಾಣದವರು, ಅಥವಾ ಬೆಳಕು ಕಂಡರೂ ಮುಂದೆ ಹಿಡಿದ ಕೈಯ ಆಕಾರ ತಿಳಿಯದವರು ಬಿ-ಒನ್. ಅದಕ್ಕಿಂತ ತುಸು ಕಾಣುವವರು ಬಿ-ಟೂ, ಇನ್ನೂ ತುಸು ಕಾಣುವವರು ಬಿ-ತ್ರೀ. ಸಮಾನರು ಸಮಾನರೊಡನೆ ಸೆಣಸಲಿ ಎಂಬ ಸದುದ್ದೇಶ. ಗಿರಿಜಾ ತಾನು ಬಿ-ಟೂ ಎಂದೇ ನಂಬಿದ್ದಳು. ವೈದ್ಯೆ ಕೈಯನ್ನು ಮುಖದ ಮುಂದೆ ಹಿಡಿದು "ಏನ್ ಕಾಣ್ತೈತ್ರಿ?" ಎಂದಾಗ, ಒಂದು ಕ್ಷಣವೂ ತಡೆಯದೆ "ಕೈರಿ" ಎಂದಳು.

"ಹೆಂಗ ಗೊತ್ತಾತ್ರಿ?"

"ಸಾಬಾಣ ವಾಸನಿ ಬಂತು, ಬಳಿ ಸಪ್ಪಳ ಆತು. ಕೈ ಅಲ್ದ ಮತ್ತೇನ್ರಿ ಡಾಕ್ಟ್ರ?"

ವೈದ್ಯೆ ನಕ್ಕು, ಬಳೆ ತೆಗೆದಿಟ್ಟು, ಸದ್ದಿಲ್ಲದೆ ಮತ್ತೆ ಪರೀಕ್ಷಿಸಿದರು. ಬಿ-ಒನ್ ಎಂದಾಯಿತು. ಪರೀಕ್ಷೆ ನಡೆದ ಕೊಲ್ಹಾಪುರದಿಂದ ಮರಳುವ ಬಸ್ಸಿನಲ್ಲಿ ಸಂಕೇಶ್ವರ ದಾಟುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಉಳಿದಿದೆ ಎಂದುಕೊಂಡದ್ದೂ ಉಳಿದಿಲ್ಲವೆಂದು ಅವಳಿಗೆ ಅಂದು ತಿಳಿದಿತ್ತು. ಆಮೇಲೆ ಅವಳೇ, "ಹೋಗ್ಲಿ ಬಿಡ್ರಿ. ಸಾಲಿಯಾಗ ಫಸ್ಟ್ ಕ್ಲಾಸ್ ಬರಲಿಲ್ಲ, ಇಲ್ಲ್ಯರ ಬಂತಲ್ಲ" ಎಂದು ನಕ್ಕಳು.

ಅಂದಿನಿಂದ ನನಗೂ ವರ್ಗೀಕರಣದ ಚಟ ಹತ್ತಿತು. ಕಣ್ಣುಳ್ಳವರನ್ನೂ ಯಾಕೆ ಹೀಗೆ ವಿಂಗಡಿಸಬಾರದು? ಗಿರಿಜಾ ಎದುರಿಗೇ ಕೂತಿರುವಾಗ ನನ್ನ ಕಡೆ ತಿರುಗಿ "ಅವ್ರ ಚಾಕ್ಕ ಸಕ್ರಿ ಹಾಕ್ಲೇನ್ರಿ?" ಎಂದು ಕೇಳುವವರದು ಒಂದು ವರ್ಗ. ಕಣ್ಣು ಕಾಣದಿದ್ದರೆ ಕಿವಿಯೂ ಕೇಳದು ಎಂಬ ವೈಜ್ಞಾನಿಕ ನಂಬಿಕೆಯಿಂದ ಅವಳೊಡನೆ ಗಂಟಲು ಹರಿದುಕೊಳ್ಳುವವರದು ಇನ್ನೊಂದು. ನನ್ನನ್ನು ನಾನು ಇವರೆಲ್ಲರಿಗಿಂತ ಮೇಲಿನ, ಪರೀಕ್ಷೆಯ ಅಗತ್ಯವೇ ಇಲ್ಲದ ವರ್ಗದಲ್ಲಿ ಇಟ್ಟುಕೊಂಡಿದ್ದೆ.

ದೋಣಿಯ ನಿಯಮ ಸರಳ. ಚುಕ್ಕಾಣಿಯ ಹಿಡಿಯೂ ಹಾಯಿಯ ಹಗ್ಗವೂ ಕಾಣದವರ ಕೈಯಲ್ಲಿ. ಜತೆಗೆ ಕಾಣುವವನೊಬ್ಬ ಕೂರಬಹುದು, ಬಾಯಿಂದ ಹೇಳಬಹುದು, ಆದರೆ ಚುಕ್ಕಾಣಿ ಮುಟ್ಟುವಂತಿಲ್ಲ. ನಿಜವಾದ ಅಪಾಯ ಎದುರಾದರೆ ಮಾತ್ರ ಮುಟ್ಟಬಹುದು. ಮುಟ್ಟಿದ್ದನ್ನು ದಡಕ್ಕೆ ಬಂದೊಡನೆ ತಾನೇ ಹೇಳಬೇಕು. ಮಾತಾಡುವುದೇ ಕೆಲಸವೆಂದ ಮೇಲೆ ನನಗಿಂತ ಯೋಗ್ಯರು ಯಾರು ಎಂದು ಹಿಗ್ಗಿ, ತೇಲುಜಾಕೀಟು ತೊಟ್ಟು ಕುಂಬಳಕಾಯಿಯಂತೆ ಉಬ್ಬಿ ಕೂತೆ. ದೋಣಿ ಹೊರಟಿತು. "ಆ ಕಡೆ ತಿರುಗಸು" ಎಂದೆ. "ಯಾವ ಕಡೆ?" "ಅಕಾ, ಅಲ್ಲೆ." ಗದ್ದವನ್ನೂ ಮುಂದೆ ಮಾಡಿದೆ. ಗಿರಿಜಾ ನಿಟ್ಟುಸಿರಿಟ್ಟಳು. ದೋಣಿ ತನಗೆ ತಿಳಿದ ಕಡೆ ಹೋಗಿ ಜೊಂಡಿನಲ್ಲಿ ಸಿಕ್ಕಿಕೊಂಡಿತು.

ಶಿಂಧೆಯವರು ನನಗೆ ಬೇರೆಯೇ ಪಾಠ ಮಾಡಬೇಕಾಯಿತು. ದೋಣಿಯ ಮೂತಿ ಗಡಿಯಾರದ ಹನ್ನೆರಡು ಎಂದಿಟ್ಟುಕೊಂಡು ಎಲ್ಲವನ್ನೂ ಗಂಟೆಗಳಲ್ಲಿ ಹೇಳಬೇಕು. ನಾನು "ಹತ್ತು ಗಂಟೆ" ಎಂದರೆ ಗಿರಿಜಾ "ಮುಂಜಾನಿದೋ, ರಾತ್ರೀದೋ?" ಎಂದು ಕೇಳಿ ಸೇಡು ತೀರಿಸಿಕೊಳ್ಳುತ್ತಿದ್ದಳು. ಅಂತೂ ವಾರಗಟ್ಟಲೆ ಹೆಣಗಿ, ನನ್ನ ನಾಲಿಗೆಗೆ ಕೈಯ ಸಹಾಯವಿಲ್ಲದೆ ಬದುಕುವುದು ರೂಢಿಯಾಯಿತು. ಕೈಗೆ ಮಾತ್ರ ಆಗಿರಲಿಲ್ಲ.

ಸ್ಪರ್ಧೆ ಬಂತು, ಎರಡು ದಿನದ್ದು. ಮೊದಲ ದಿನ ನಾವು ಚೆನ್ನಾಗಿಯೇ ಸಾಗಿದೆವು. ನೀರ ಮೇಲೆ ತೇಲುವ ಕಿತ್ತಳೆ ಬಣ್ಣದ ದೊಡ್ಡ ಗುಂಡನ್ನು ಸುತ್ತಿ ಮರಳುವಾಗ, ಕಣಗಲಾ ಊರಿನ ಸ್ಪರ್ಧಿ ಬಸವಂತಪ್ಪನವರ ದೋಣಿ ಅಡ್ಡಲಾಗಿ ನಮ್ಮತ್ತಲೇ ಬರುತ್ತಿತ್ತು. ಗಾಳಿ ನಮ್ಮ ಬಲಗಡೆಯಿಂದ, ಅವರ ಎಡಗಡೆಯಿಂದ. ನಿಯಮದ ಪ್ರಕಾರ ಅವರೇ ನಮಗೆ ದಾರಿ ಬಿಡಬೇಕು. ದೋಣಿ ಬರುತ್ತಿರುವುದನ್ನು ನಾನು ಹೇಳಿದೊಡನೆ ಗಿರಿಜಾ "ಸ್ಟಾರ್‌ಬೋರ್ಡ್!" ಎಂದು, ಅಂದರೆ ಗಾಳಿ ನಮ್ಮ ಬಲಕ್ಕಿದೆ ದಾರಿ ಬಿಡಿ ಎಂದು ಕೂಗಿ, ಹಿಡಿ ಅಲುಗಿಸದೆ ಕೂತಳು. ಆ ದೋಣಿ ದೊಡ್ಡದಾಗುತ್ತ ಬಂತು. ಇನ್ನೇನು ಗುದ್ದಿತು ಎನ್ನಿಸಿತು. ಕೈ ತಾನಾಗಿ ಹೋಗಿ, ಅವಳ ಕೈಯ ಮೇಲಿಂದಲೇ ಚುಕ್ಕಾಣಿಯನ್ನು ಎಳೆದುಬಿಟ್ಟಿತು.

ನಾವು ಮೂರನೆಯವರಾಗಿ ದಡ ಮುಟ್ಟಿದೆವು. ಶಿಂಧೆಯವರ ಹತ್ತಿರ ಹೋಗಿ, ಅಪಾಯವಿತ್ತು, ಮುಟ್ಟಿದೆ ಎಂದು ವೀರನಂತೆ ವರದಿ ಒಪ್ಪಿಸಿದೆ. ಹೆಂಡತಿಯನ್ನು ನೀರುಪಾಲಾಗುವುದರಿಂದ ಉಳಿಸಿದ ಗಂಡನಿಗೆ ಸಲ್ಲಬೇಕಾದ ಮೆಚ್ಚುಗೆಗೆ ಮುಖವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವರು, ತಾವು ಅತ್ತಿಗೆಯೆಂದು ಕರೆಯುವ ಗಿರಿಜಾಳನ್ನು ಕೇಳಿದರು: "ವೈನೀ, ಖರೇನ ಅಪಾಯ ಇತ್ತೇನ್ರಿ?"

"ಇಲ್ರಿ. ನಾ ಕೂಗಿದ್ದ ತಡ, ಬಸವಂತಪ್ಪನವರ ಹಾಯಿ ಪಟಪಟ ಬಡ್ಕೊಳ್ಳಾಕ ಹತ್ತಿತ್ತು. ಅವರು ತಿರುಗಾಕತ್ತಿದ್ರು, ನನಗ ಕೇಳ್ತಿತ್ತು. ಅಪಾಯ ಇರಲಿಲ್ರಿ, ಇವರ ಅಂಜಿಕಿ ಇತ್ತು."

ಬಸವಂತಪ್ಪನವರೂ ತಾವು ಆಗಲೇ ತಿರುಗುತ್ತಿದ್ದುದು ಹೌದೆಂದರು. ನಮ್ಮ ಓಟ ರದ್ದಾಯಿತು. ಮೂರನೆಯ ಸ್ಥಾನವನ್ನು ಕೈಯಾರೆ ಬಿಟ್ಟುಕೊಟ್ಟವಳ ಮೇಲೆ ನನಗೆ ಸಿಟ್ಟು ಬಂತು. ನಾಲ್ಕು ಜನರ ಮುಂದೆ ಅಂಜುಬುರುಕನೆನ್ನಿಸಿಕೊಂಡದ್ದಕ್ಕೆ ಅವಮಾನವೂ ಆಯಿತು. ಊಟ ಬಡಿಸಿದಾಗ ಮುಖ ಊದಿಸಿಕೊಂಡು ಕೂತೆ. ಮುಖ ಊದಿಸಿಕೊಂಡದ್ದು ಅವಳಿಗೆ ಕಾಣುವುದಿಲ್ಲವಲ್ಲ ಎಂದು ಹೊಳೆದು, ಕೇಳಿಸುವಂತೆ ನಿಟ್ಟುಸಿರು ಬಿಟ್ಟೆ.

ಆದರೆ ಓದುಗರೇ, ಮಾತು ಒಳಗೆ ನಾಟಿತ್ತು. ಇಷ್ಟು ವರ್ಷ ಅವಳ ಅಪಾಯವೆಂದು ನಾನು ಲೆಕ್ಕಕ್ಕೆ ಹಿಡಿದದ್ದರಲ್ಲಿ ನನ್ನ ಅಂಜಿಕೆಯ ಪಾಲು ಎಷ್ಟೋ! ಅವಳು ಎಡವುತ್ತಾಳೆಂದು ಮೊಣಕೈ ಹಿಡಿದೆನೋ, ಎಡವಿದರೆ ಜನ ನನ್ನನ್ನೇನೆಂದಾರು ಎಂದು ಹಿಡಿದೆನೋ? ಪ್ರೀತಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ಆ ಪ್ರೀತಿಗೆ ಕಿವಿ ಕಡಿಮೆ. ನನಗಾಗಿ ಮೀಸಲಿಟ್ಟಿದ್ದ ಮೇಲಿನ ವರ್ಗದಿಂದ ನಾನು ಸದ್ದಿಲ್ಲದೆ ಕೆಳಗಿಳಿದೆ.

ಮರುದಿನ ಬೆಳಿಗ್ಗೆ, ಬೇರೆ ಯಾರನ್ನಾದರೂ ಕರೆದುಕೊಂಡು ಹೋಗು ಎಂದೆ. "ಬ್ಯಾರೇದಾವ್ರ ಯಾಕ? ನೀವ ಬರ್ರಿ. ನೀವ ಮುಟ್ಟದ ಕುಂತ್ರನ ನಾ ಗೆದ್ದಂಗ" ಎಂದಳು. ಹೋದೆ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೆ ನನ್ನ ಪೂರ್ಣ ದೇಹಭಾರವನ್ನು ಹೇರಿ ಕೂತೆ. ಗಾಳಿ ಜೋರಾಗಿತ್ತು. ದೋಣಿ ವಾಲಿತು, ನೀರು ಮುಖಕ್ಕೆ ರಾಚಿತು, ಒಮ್ಮೆ ದಿಕ್ಕೇ ತಪ್ಪಿ ಎಲ್ಲರೂ ಮುಂದೆ ಹೋದರು. ಮತ್ತೊಂದು ದೋಣಿ ತೀರ ಹತ್ತಿರ ಬಂದಾಗ "ಎರಡು ಗಂಟೆ ಕಡೆ, ಭಾಳ ಸನೇಕ" ಎಂದೆ. "ಕೇಳಾಕತ್ತೈತಿ" ಎಂದಳು ಅವಳು, ಒಲೆಯ ಮುಂದೆ ಹಾಲು ಉಕ್ಕುವುದನ್ನು ಕಾಯುವವಳಷ್ಟು ಸಮಾಧಾನದಿಂದ. ಆ ದೋಣಿ ಸರಿದುಹೋಯಿತು. ನಾವು ಎಲ್ಲರಿಗಿಂತ ಕೊನೆಯವರಾಗಿ ಬಂದೆವು.

ಶಿಂಧೆಯವರು ದಡದಲ್ಲೇ ಕಾದಿದ್ದರು. "ಸರ್, ಮುಟ್ಟಿದ್ರೇನ್ರಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ, "ಇಲ್ರಿ. ಪಾಪ, ಭಾಳ ತ್ರಾಸ ತಗೊಂಡ ಕುಂತಿದ್ರು" ಎಂದಳು. ಅವಳ ಒದ್ದೆ ಮುಖದಲ್ಲಿದ್ದ ಸಂತೋಷವನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ದೋಣಿಯಿಂದ ಇಳಿಯುವ ಹಲಗೆ ಅಲುಗಾಡುತ್ತಿತ್ತು. ಮೊದಲು ಇಳಿದ ನಾನು ಜೋಮು ಹಿಡಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಹಲಗಿ ನೆಟ್ಟಗ ಹನ್ನೆರಡು ಗಂಟೆಗೈತಿ, ಒಂದ ಹೆಜ್ಜಿ ಮುಂದ" ಎಂದು ನಿಯಮಬದ್ಧವಾಗಿ ಘೋಷಿಸಿದೆ. ಅವಳು ಗಾಳಿಯಲ್ಲಿ ಕೈ ಚಾಚಿ ನಿಂತಳು.

"ಗಂಟಿ ಹೇಳ್ಕೊಂತ ಏನ್ ನಿಂತೀರಿ? ಓಟ ಮುಗೀತಲ್ಲ. ಈಗ ಕೈ ಹಿಡೀರಿ."