ಗಂಗವ್ವನ ಗುದ್ದಲಿ

ಇಪ್ಪತ್ತಾರು ವರ್ಷಗಳಿಂದ ನಾನು ಬೈಲಹೊಂಗಲದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೇನೆ. ವರ್ಷಕ್ಕೊಮ್ಮೆ ಹುಡುಗ ಹುಡುಗಿಯರನ್ನು ಕಿತ್ತೂರಿಗೆ ಕರೆದೊಯ್ದು, ಕೋಟೆಯ ಗೋಡೆಯ ಮೇಲೆ ಕೈಯಿಟ್ಟು, ‘ಕೋಟೆ ಎಂದರೆ ಏನೆಂದು ತಿಳಿದಿದ್ದೀರಿ?’ ಎಂದು ಗಂಭೀರವಾಗಿ ಶುರುಮಾಡುತ್ತೇನೆ. ಈಗ ನಿಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ: ಅದು ನನಗೇ ಗೊತ್ತಿರಲಿಲ್ಲ. ಗೊತ್ತಾದದ್ದು ಕಳೆದ ಬೇಸಿಗೆ ರಜೆಯಲ್ಲಿ, ಆರು ಕೋಟೆಗಳನ್ನು ಕೈಯಾರೆ ಹಾಳುಮಾಡಿದ ಮೇಲೆ.

ಎಲ್ಲಕ್ಕೂ ಕಾರಣ ನನ್ನ ಲ್ಯಾಪ್‌ಟಾಪು. ಅದು ಕೆಟ್ಟಾಗ, ಬಜಾರದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ಕೊಟ್ಟಿದ್ದೆ. ವಾಪಸು ಕೊಡುವಾಗ ಅವಳು, “ಮೇಡಮ್ಮಾರ, ಕೋಟಿ ಕಟ್ಟೂ ಆಟ ಒಂದು ಹಾಕೇನ್ರಿ. ನಮಗ ಅಷ್ಟು ಪ್ರಶ್ನೆ ಕೇಳಿದ್ರಲ್ಲಾ, ಈಗ ನೀವು ಉತ್ತರಾ ಕೊಡ್ರಿ” ಎಂದು ನಕ್ಕಳು.

ಆಟ ಹೀಗಿದೆ. ಏಳು ಜನ ಕುಳ್ಳರು ಒಂದು ಗಾಡಿ ಸಾಮಾನು ಹೇರಿಕೊಂಡು ಗುಡ್ಡದ ಬುಡಕ್ಕೆ ಬಂದಿಳಿಯುತ್ತಾರೆ. ಎಲ್ಲಿ ಅಗೆಯಬೇಕೆಂದು ನೀವು ಗುರುತು ಹಾಕಬೇಕು. ಅಗೆಯುವುದು ಅವರ ಕೆಲಸ. ಮಲಗುವ ಕೋಣೆ, ಅಡುಗೆಮನೆ, ಕಣಜ, ಕಾವಲುಗಾರರ ಜಾಗ, ಎಲ್ಲವೂ ಗುಡ್ಡವನ್ನು ಕೊರೆದೇ ಆಗಬೇಕು. ಹಾಗಾಗಿ ಅಲ್ಲಿ ರಾಜನಿಗಿಂತ ಗುದ್ದಲಿ ಹಿಡಿದವರಿಗೆ ಹೆಚ್ಚು ಬೆಲೆ. ಕಿತ್ತೂರಿನ ಕೋಟೆಯನ್ನು ಯಾರು ಆಳಿದರೆಂದು ನಾನು ತಡವರಿಸದೆ ಹೇಳಬಲ್ಲೆ. ಅದರ ಕಂದಕವನ್ನು ಯಾರು ತೋಡಿದರೆಂದು ಇಷ್ಟು ವರ್ಷಗಳಲ್ಲಿ ಯಾವ ಹುಡುಗನೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ನನ್ನ ಮೊದಲ ಕೋಟೆ ನೀರುಪಾಲಾಯಿತು. ಮುಂದಿನ ಕಲ್ಲು ಒದ್ದೆಯಾಗಿದೆ ಎಂದು ಆಟವೇ ಅಗೆತ ನಿಲ್ಲಿಸಿ ಎಚ್ಚರಿಸಿತು. ಹೇಳಿದ ಮಾತು ಕೇಳುವುದು ವಿದ್ಯಾರ್ಥಿಗಳ ಧರ್ಮವೇ ಹೊರತು ಉಪನ್ಯಾಸಕರದ್ದಲ್ಲವೆಂದು ಮುಂದೆ ಅಗೆಸಿದೆ. ನದಿ ಸೀದಾ ಅಡುಗೆಮನೆಗೆ ಬಂತು. “ನಳಾ ಬರೂದಿಲ್ಲ ಅಂತ ದಿನಾ ಒದರತಿದ್ದಿ, ಈಗ ಬಂತಲ್ಲ” ಎಂದು ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ ಅಭಿನಂದಿಸಿದರು. ಅದರ ನಂತರದ ನಾಲ್ಕು ಕೋಟೆಗಳ ಸುದ್ದಿ ಬೇಡ.

ಅಷ್ಟರಲ್ಲಿ ನಮ್ಮ ಅತ್ತೆ ಬಂದರು. ಅತ್ತೆ ಎಂದರೆ ಅಪ್ಪನ ಅಕ್ಕ, ಸಂಗೊಳ್ಳಿಯ ಗಂಗವ್ವ. ಬಲಗಾಲಿನ ಮಂಡಿಗೆ ಆಪರೇಶನ್ ಆಗಿತ್ತು. ವ್ಯಾಯಾಮ ಮಾಡಿಸುವ ಡಾಕ್ಟರು ನಮ್ಮ ಓಣಿಯಲ್ಲೇ ಇದ್ದುದರಿಂದ ಎರಡು ತಿಂಗಳು ನಮ್ಮಲ್ಲಿರಲೆಂದು ಅವರ ಮಗ ಕಾರಿನಲ್ಲಿ ತಂದು ಬಿಟ್ಟಿದ್ದ. ಮಂಡಿ ಹೊಸದು, ಹೆದರಿಕೆ ಮಾತ್ರ ಹಳೆಯದು. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬಂದರೆ ಅವತ್ತಿನ ನಡಿಗೆ ಮುಗಿಯಿತು. ಎಪ್ಪತ್ತರ ತನಕ ಹೊಲ ಮನೆ ಎಂದು ಬಿರುಗಾಳಿಯಂತೆ ತಿರುಗಿದ ಹೆಂಗಸು, “ಇನ್ನ ಈ ಖುರ್ಚೀನ ನನ್ನ ಊರು ತಂಗಿ” ಎನ್ನುತ್ತಿದ್ದರು. ನಡೆಯದೆ ಕೂತರೆ ಮಂಡಿ ಬಿಗಿದುಕೊಂಡು ಕಾಯಮ್ಮಾಗಿ ಕೂರಬೇಕಾಗುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು.

ಅವರು ಖುರ್ಚಿಯಲ್ಲಿ, ಅವರ ಮುಂದೆ ನಾನು ಲ್ಯಾಪ್‌ಟಾಪಿನೊಂದಿಗೆ. ಆರನೆಯ ಕೋಟೆಯಲ್ಲಿ ಧಾನ್ಯವಿಡಲು ಜಾಗ ಬೇಕಾಯಿತು. ಇತಿಹಾಸದವಳಲ್ಲವೇ, ನಮ್ಮ ಸೀಮೆಯ ಹಗೇವು ನೆನಪಾಯಿತು. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ ಅದು: ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ, ಒಳಗೆ ಸುತ್ತಲೂ ಕಣಿಕೆಯ, ಎಂದರೆ ಒಣಗಿದ ಜೋಳದ ದಂಟಿನ, ಹಾಸು. ಹಾಗೇ ತೋಡಿಸಿದೆ. ಒಳಗೆ ಉಳಿದಿದ್ದ ಇಳಿಜಾರು ನೋಡಲು ಒಡ್ಡೊಡ್ಡಾಗಿ ಕಂಡಿತೆಂದು ಅದನ್ನೂ ಕಡಿಸಿ ನೀಟು ಮಾಡಿಸಿದೆ. ಆ ಇಳಿಜಾರೇ ಒಳಗೆ ಅಗೆಯುತ್ತಿದ್ದವನಿಗೆ ಮೇಲೆ ಬರುವ ದಾರಿಯಾಗಿತ್ತು. ನನ್ನ ಒಬ್ಬನೇ ಒಳ್ಳೆಯ ಅಗೆಯುವವನು, ಕೋಟೆಯಲ್ಲಿದ್ದ ಒಂದೇ ಗುದ್ದಲಿಯೊಂದಿಗೆ, ಕಣಜದ ತಳದಲ್ಲೇ ಹಸಿದು ಸತ್ತ.

ಹಿಂದಿನಿಂದ ಅತ್ತೆ ಹಣೆ ಹಣೆ ಬಡಿದುಕೊಂಡರು. “ಹಗೇಕ ಮನಷ್ಯಾನ್ನ ಇಳಿಸಿ, ಮ್ಯಾಲ ಹಗ್ಗಾ ಹಿಡಿಯಾಕ ಒಬ್ಬರ್ನೂ ನಿಂದ್ರಿಸಲಿಲ್ಲೇನ? ಎಂಥಾ ಇತಿಹಾಸಾ ಕಲಿಸೂ ಬಾಯಾರು ನೀ!”

ಆಮೇಲೆ ಕತೆ ಹೊರಬಂತು. ಮನೆಯಲ್ಲೆಲ್ಲ ತೆಳ್ಳಗಿದ್ದವಳೆಂದು ಚಿಕ್ಕಂದಿನಲ್ಲಿ ಇವರನ್ನೇ ಹಗೇವಿಗೆ ಇಳಿಸುತ್ತಿದ್ದರಂತೆ. ಮೊದಲು ದೀಪ ಇಳಿಬಿಡುವುದು. ಅದು ಆರದಿದ್ದರೆ ಒಳಗಿನ ಗಾಳಿ ಸರಿಯಿದೆ ಎಂದರ್ಥ. ಆಮೇಲೆ ಸೊಂಟಕ್ಕೆ ಹಗ್ಗ. ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದವನು ನನ್ನ ಅಪ್ಪ. “ನಿಮ್ಮಪ್ಪ ಎಳೀತಿದ್ದಿಲ್ಲ ಮತ್ತ. ಬರೇ ಹಿಡಕೊಂಡು ನಿಂದರತಿದ್ದ. ಹತ್ತಾಕಿ ನಾನ.” ಇದನ್ನು ಹೇಳುವಾಗ ಅತ್ತೆಯ ಬೆನ್ನು ಖುರ್ಚಿಯಿಂದ ಒಂದು ಗೇಣು ಮುಂದೆ ಬಂದಿತ್ತು.

ಏಳನೆಯ ಕೋಟೆಯಲ್ಲಿ ಗುದ್ದಲಿ ಹಿಡಿದವಳಿಗೆ ಗಂಗವ್ವ ಎಂದು ಹೆಸರಿಟ್ಟೆ. ಅತ್ತೆ ‘ಥೂ ನಿನ್ನ’ ಎಂದರು, ಆದರೆ ಚಾಳೀಸಿನ ಗಾಜು ಒರೆಸಿ ಕಣ್ಣಿಗೇರಿಸಿಕೊಂಡು ಹತ್ತಿರ ಸರಿದರು.

ಈ ಆಟದಲ್ಲಿ ಅಗೆಯುವ ವಿದ್ಯೆ ಹೇಗೆ ಬರುತ್ತದೆಂದು ಹೇಳಲೇಬೇಕು, ಯಾಕೆಂದರೆ ಇದಕ್ಕಿಂತ ನ್ಯಾಯವಾದ ಸಾಲೆಯನ್ನು ನಾನು ನೋಡಿಲ್ಲ. ಒಂದು ಚೌಕ ಅಗೆದರೆ ಒಂದು ಚಿಟಿಕೆ ಅನುಭವ. ಮಣ್ಣಿಗೂ ಅಷ್ಟೇ, ಕರಿಕಲ್ಲಿಗೂ ಅಷ್ಟೇ. ಮಣ್ಣು ಬೇಗ ಅಗೆದು ಮುಗಿಯುವುದರಿಂದ ಹೊಸಬರನ್ನು ಮೊದಲು ಮಣ್ಣಿಗೆ ಹಚ್ಚುವುದು ಜಾಣತನ. ಕೈ ಪಳಗಿದಂತೆ ಕೆಲಸ ಚುರುಕಾಗುತ್ತದೆ, ಮೈಗೂ ಕಸುವು ಬರುತ್ತದೆ. ವಶೀಲಿ ನಡೆಯುವುದಿಲ್ಲ, ಟ್ಯೂಶನ್ ಇಲ್ಲ, ಗೈಡು ಓದಿ ಪಾಸಾಗುವಂತಿಲ್ಲ. ಹೆಸರಿನ ಮುಂದೆ ಬಿರುದು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ‘ಸುಮ್ಮನೆ ಕೈಯಾಡಿಸುವವಳು’, ಕಟ್ಟಕಡೆಗೆ ‘ದಂತಕತೆ’. ರಾಜರ ಬಿರುದಾವಳಿಗಳನ್ನು ನಾನು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೇನೆ. ಕೆಲವರು ಗೆದ್ದದ್ದು ಒಂದು ಹಳ್ಳಿ, ಬಿರುದು ಮೂರು ಸಾಲು. ಇಲ್ಲಿ ಒಂದಕ್ಷರವೂ ಪುಕ್ಕಟೆ ಇಲ್ಲ. ಸಿಕ್ಕಿತೆಂದು ಗುದ್ದಲಿ ಮೂಲೆಗಿಟ್ಟು ಬಹಳ ದಿನ ಕೂತಿರೋ, ವಿದ್ಯೆಗೆ ಜಂಗು, ಅಂದರೆ ತುಕ್ಕು, ಹಿಡಿದಿದೆ ಎಂದು ಹೆಸರಿನ ಪಕ್ಕದಲ್ಲೇ ಬರೆದು ಮಾನ ಕಳೆಯುತ್ತಾರೆ.

ಅತ್ತೆಗೆ ಇದನ್ನೆಲ್ಲ ವಿವರಿಸಿದೆ. “ಮೆತ್ತನ್ನ ಮಣ್ಣಾಗ ಮೊದಲ ಕೈ ಕೂಡಿಸಬೇಕು ಅನ್ನೂದು ಹೇಳಾಕ ಇಷ್ಟು ದೊಡ್ಡ ಮಶೀನ ಬೇಕಾತೇನ?” ಎಂದರು.

“ಹಂಗಾರ ನೀವೂ ಕೂಡಿಸ್ರಲ್ಲ ಅತ್ತಿ. ಪಡಸಾಲಿ ನಿಮಗ ಮೆತ್ತನ್ನ ಮಣ್ಣು. ಹೊರಗಿನ ಪಾವಟಿಗಿ ಹತ್ತೂದು ಕರಿಕಲ್ಲು” ಎಂದೆ.

ಅತ್ತೆ “ಆತು. ಆಕಿ ಆ ಕಟ್ಟಕಡೀ ಬಿರುದು ತಗೊಂಡ ದಿನಾ, ನಾ ಕಾರ್ ಒಲ್ಲೆ ಅಂತೇನಿ. ಬಸ್ ಹತ್ತಿ ಸಂಗೊಳ್ಳಿಗೆ ಹೋಗತೇನಿ” ಎಂದು ಪಣ ಕಟ್ಟಿದರು. ಈ ಧೈರ್ಯದ ಮೂಲ ನನಗೆ ಗೊತ್ತಿತ್ತು. ಆರು ಕೋಟೆ ಮುಳುಗಿಸಿದವಳು ಏಳನೆಯದನ್ನು ಉಳಿಸುವುದುಂಟೇ ಎಂಬುದು ಅವರ ಲೆಕ್ಕ.

ಆದರೆ ಹೆಸರಿಗೊಂದು ಅಭಿಮಾನವಿರುತ್ತದೆ ನೋಡಿ. ಆಟದ ಗಂಗವ್ವ ಒಂದು ಬಿರುದು ಏರಿದರೆ ಮನೆಯ ಗಂಗವ್ವ ಪಡಸಾಲೆಯಲ್ಲಿ ಎರಡು ಸುತ್ತು ಹೆಚ್ಚು ಹಾಕುತ್ತಿದ್ದರು. ‘ಹೆಸರ ನಂದು, ಮೆರಿಯಾಕಿ ಆಕಿ’ ಎಂದು ಗೊಣಗುತ್ತ, ವಾಕರನ್ನು ಟಕ್ ಟಕ್ ಎಂದು ಕುಟ್ಟುತ್ತ. ನಾನು ಜೊತೆಗೆ ನಡೆಯುತ್ತಿದ್ದೆ, ಮುಟ್ಟುತ್ತಿರಲಿಲ್ಲ.

ಒಂದು ರವಿವಾರ ಮಧ್ಯಾಹ್ನ ಕೋಟೆಯ ಮೇಲೆ ದಾಳಿಯಾಯಿತು. ನನ್ನ ಸೈನಿಕರಿಗೆ ಒಳ್ಳೆಯ ಟೊಪ್ಪಿಗೆ ಕೊಟ್ಟಿದ್ದೆ, ತಾಲೀಮು ಕೊಟ್ಟಿರಲಿಲ್ಲ. ಬಾಗಿಲಲ್ಲಿ ಇಬ್ಬರು ಬಿದ್ದರು, ಉಳಿದವರು ಓಡಿದರು. ಅಲ್ಲೇ ಸುರಂಗದಲ್ಲಿ ಬೆನ್ನು ತಿರುಗಿಸಿ ಅಗೆಯುತ್ತಿದ್ದವಳು ಗಂಗವ್ವ ಒಬ್ಬಳೇ. ಮುಗಿಯಿತು ಎಂದು ಲ್ಯಾಪ್‌ಟಾಪ್ ಮುಚ್ಚಲು ಹೋದೆ.

“ಮುಚ್ಚಬ್ಯಾಡ!” ಅತ್ತೆ ನನ್ನ ಕೈ ಹಿಡಿದರು. “ಆಕಿ ಕೈಯಾಗ ಗುದ್ದಲಿ ಐತಿ.”

ಆ ಆಟದಲ್ಲಿ ಅಗೆಯುವ ವಿದ್ಯೆಯೇ ಗುದ್ದಲಿಯಿಂದ ಕಾದುವ ವಿದ್ಯೆಯೂ ಹೌದು ಎಂಬುದು ನನಗೆ ತಿಳಿದಿರಲಿಲ್ಲ. ಗಂಗವ್ವ ತಿರುಗಿದಳು. ಎರಡು ಸಾವಿರ ಚೌಕ ಅಗೆದ ತೋಳು ಅದು. ಮೊದಲ ಏಟಿಗೆ ದಾಳಿಕಾರರ ಮುಂದಾಳು ಮಲಗಿದ, ಎರಡನೆಯ ಏಟಿಗೆ ಅವನ ಪಕ್ಕದವನು. ಉಳಿದವರು ಬಂದ ದಾರಿ ಹಿಡಿದರು. ಅತ್ತೆ “ಹಾಕು! ಹಾಕವ್ವಾ!” ಎಂದು ಖುರ್ಚಿಯ ಕೈ ಬಡಿಯುತ್ತಿದ್ದರು, ನಮ್ಮ ಮನೆಯವರು ಚಹದ ಬಶಿ ಹಿಡಿದುಕೊಂಡೇ ಓಡಿಬಂದರು. ಗಂಗವ್ವನೋ, ಏನೂ ಆಗಿಲ್ಲವೆಂಬಂತೆ ಸುರಂಗಕ್ಕೆ ಮರಳಿ ಬಾಕಿ ಚೌಕ ಅಗೆಯತೊಡಗಿದಳು. ಮೂರನೆಯ ಚೌಕಕ್ಕೆ ಬಿರುದು ಬಂತು: ದಂತಕತೆ.

ನಾವು ಮೂವರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಪಣದ ನೆನಪಾಗಿ ನಾವಿಬ್ಬರೂ ಅತ್ತೆಯ ಕಡೆ ತಿರುಗಿದೆವು. ಅತ್ತೆ ಸೆರಗು ಬಿಗಿದುಕೊಂಡರು. “ನಾಕ ದಿನಾ ಕೊಡು. ಪಾವಟಿಗಿ ಒಂದೀಟು ರೂಢಿ ಮಾಡಕೊಳ್ತೇನಿ. ನನ್ನ ಮಗಗ ಫೋನ್ ಹಚ್ಚು, ಕಾರ್ ತರಬ್ಯಾಡ ಅನ್ನು.”

ಬಸ್ಸಿನ ಮೊದಲ ಮೆಟ್ಟಿಲನ್ನು ನೀವು ಎಂದಾದರೂ ಅತ್ತೆಯ ಕಣ್ಣಿನಿಂದ ನೋಡಿದ್ದೀರಾ? ಕಿತ್ತೂರಿನ ಗೋಡೆಯೂ ಅಷ್ಟು ಎತ್ತರವಿಲ್ಲ. ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ವಾಕರನ್ನು ನನ್ನ ಕೈಗೆ ಕೊಟ್ಟು, ಬಾಗಿಲ ಸರಳು ಹಿಡಿದು ನಿಂತರು. ಕಂಡಕ್ಟರ್ ಬಗ್ಗಿ “ಆಯೀ, ಕೈ ಕೊಡ್ರಿ” ಎಂದ.

“ತಡಿಯೋ ತಮ್ಮಾ. ಹತ್ತಾಕಿ ನಾನ.”

ವಾಕರನ್ನು ನೆಲಕ್ಕಿಟ್ಟು ಅವರ ಬೆನ್ನ ಹಿಂದೆ ಎರಡೂ ಕೈ ಚಾಚಿ ನಿಂತೆ. ಎಳೆಯಲಿಲ್ಲ, ಮುಟ್ಟಲಿಲ್ಲ, ಅಪ್ಪ ಹಗೇವಿನ ಬಾಯಲ್ಲಿ ಹೀಗೇ ನಿಲ್ಲುತ್ತಿದ್ದಿರಬೇಕು. ಏರುವಾಗ ಗಟ್ಟಿ ಕಾಲು ಮೊದಲು ಎಂದು ಡಾಕ್ಟರು ಕಲಿಸಿದ್ದರು. ಎಡಗಾಲು ಹೋಯಿತು. ಸರಳು ಹಿಡಿದ ಬೆರಳು ಬೆಳ್ಳಗಾದವು. ಬಲಗಾಲು ನಡುಗಿತು, ನಿಂತಿತು, ನಿಧಾನವಾಗಿ ಮೇಲೆ ಬಂತು. ಮತ್ತೊಂದು ಮೆಟ್ಟಿಲು. ಮತ್ತೊಂದು. ಬಸ್ ಸ್ಟ್ಯಾಂಡಿನ ನಡುವೆ ನಿಂತು ನಾನು ನಾಚಿಕೆಯಿಲ್ಲದೆ, ಗೆದ್ದವರ ಕಡೆಯವಳಂತೆ, ಅತ್ತುಬಿಟ್ಟೆ. ವಾಕರನ್ನು ಒಳಗೆ ದಾಟಿಸುವುದನ್ನೂ ನಾನು ಮರೆತಿದ್ದರಿಂದ ಕಂಡಕ್ಟರನೇ ಇಳಿದು ಒಯ್ದ.

ಸಂಗೊಳ್ಳಿಯಲ್ಲಿ ಇಳಿಸಿಕೊಳ್ಳಲು ಮಗ ಕಾಯುತ್ತಿದ್ದ. ಬಸ್ಸು ಹೊರಟಾಗ ಅತ್ತೆ ಕಿಟಕಿಯಿಂದ ಕೂಗಿದರು. “ಏ ತಂಗಿ, ಮನಿಗೆ ಹೋಗಿ ಆಕಿಗೆ ಏನರ ಕೆಲಸಾ ಹಚ್ಚು. ಸುಮ್ಮ ಕುಂದ್ರಿಸಬ್ಯಾಡ, ಜಂಗ ಹಿಡೀತಾಳ!”

ಮನೆಗೆ ಬಂದು ನೋಡಿದೆ. ಗಂಗವ್ವ ಕೋಟೆಯ ಬಾಗಿಲಲ್ಲಿ ಕೆಲಸವಿಲ್ಲದೆ ನಿಂತಿದ್ದಳು. ಅವಳಿಗೊಂದು ಹಗೇವಿನ ಗುರುತು ಹಾಕಿದೆ, ಈ ಸಲ ಮೆಟ್ಟಿಲು ಸಮೇತ.